ಸುಡದೆ ಉಳಿದ ಒಂದು ಪೈರು

ಶವಪೆಟ್ಟಿಗೆಯ ಗಾಜಿನ ಮೇಲೆ, ಸರಿಯಾಗಿ ಅಮ್ಮನ ಹಣೆಯ ನೇರಕ್ಕೆ ಬಂದು ಕೂತಿದ್ದ ಹುಳುವನ್ನು ಅನಾಲಿನ್ ಕರವಸ್ತ್ರದ ತುದಿಯಿಂದ ಒರೆಸಲು ಹೋದಳು. ಅಮ್ಮನ ಜೊತೆ ಕೆಲಸ ಮಾಡಿದ್ದ ಮೆರ್ಲಿತಾ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಕನ್ನಡಕವನ್ನು ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಉದ್ದ ರೆಕ್ಕೆದು. ಹೆಣ್ಣು," ಅಂದಳು. "ದೀಪ ಆರಿಸಿಲ್ಲವಲ್ಲ, ಗದ್ದೆಯಿಂದ ಬಂದಿದೆ."

ಗೋಡೆಯ ಪಕ್ಕ ಕಾಫಿ ಕುಡಿಯುತ್ತಿದ್ದ ಸೋದರಮಾವ ಗೋರಿಯೊ ಬಟ್ಟಲು ಕೆಳಗಿಟ್ಟ. "ಐದು ದಿನದಿಂದ ಇಡೀ ಊರು ಬಂದು ಹೋಯ್ತು. ಇವಳ ಕಡೆಯವರು ಮಾತ್ರ ಒಬ್ಬರೂ ತಲೆ ಹಾಕಲಿಲ್ಲವಲ್ಲ ಅಂತ ನಾನೂ ನೋಡ್ತಾನೇ ಇದ್ದೆ," ಅಂದ.

ಬೆಂಚಿನ ಮೇಲೆ ಕೂತಿದ್ದ ಹೆಂಗಸರು ನಕ್ಕರು. ಅನಾಲಿನ್‌ಗೂ ನಗು ಬಂತು. ಅಕ್ಕಿಕಾಳಿಗಿಂತ ಚಿಕ್ಕದಾದ ಆ ಕಂದು ಜಿಗಿಹುಳು ತನಗೆ ತೋಚಿದಾಗ ಎದ್ದು ಹಾರಿಹೋಯಿತು.

ಅಮ್ಮನ ಹೆಸರು ಯೂಫ್ರೊಸಿನಾ ಮಲಬನಾನ್. ಊರಿಗೆಲ್ಲ ಪ್ರೊಸಿಂಗ್. ಎಪ್ಪತ್ತನಾಲ್ಕು ವರ್ಷ ಬದುಕಿದಳು. ಅದರಲ್ಲಿ ಮೂವತ್ತೇಳು ವರ್ಷ, ಬೆಟ್ಟದ ಬುಡದ ಭತ್ತದ ಸಂಶೋಧನಾ ಕೇಂದ್ರದಲ್ಲಿ ಜಿಗಿಹುಳು ಸಾಕಿದಳು. ಭತ್ತಕ್ಕೆ ಹುಲ್ಲುಮುದುಡು ರೋಗ ತರುವ ವೈರಸ್ಸು ಆ ಹುಳುವಿನ ಹೊಟ್ಟೆಯಲ್ಲಿ ಬದುಕುತ್ತದೆ. ವೈರಸ್ಸನ್ನು ಓದಬೇಕೆಂದರೆ ಹುಳುವನ್ನು ಸಾಕಬೇಕು. ಗೋರಿಯೊ ಇದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಯಾರಾದರೂ ನಿನ್ನ ಅಕ್ಕ ಏನು ಕೆಲಸದಲ್ಲಿದ್ದಾಳೆ ಎಂದು ಕೇಳಿದರೆ "ಹುಳುಗಳ ಆಯಾ" ಅನ್ನುತ್ತಿದ್ದ.

ಮಧ್ಯಾಹ್ನ ಎರಡಕ್ಕೆ ಚರ್ಚಿನಲ್ಲಿ ಪೂಜೆ, ಆಮೇಲೆ ಮಣ್ಣು. ಪೂಜೆಯ ಕೊನೆಗೆ ಒಬ್ಬರು ಮಾತಾಡಬಹುದು, ಒಬ್ಬರೇ, ಎಂದು ಪಾದ್ರಿ ಹೇಳಿಕಳಿಸಿದ್ದರು. ಯಾರೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಗೋರಿಯೊಗೆ ಬಿಟ್ಟರೆ ಜನ ಹೊಟ್ಟೆ ಹಿಡಿದು ನಗುತ್ತಾರೆ, ಅಷ್ಟೇ. ಮೆರ್ಲಿತಾ ಅಮ್ಮನ ಕೈಕೆಳಗೆ ಕಲಿತು ಈಗ ಅಮ್ಮನ ಜಾಗದಲ್ಲೇ ಕೆಲಸ ಮಾಡುವವಳು; ಆದರೆ ಜನರ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ. ಅನಾಲಿನ್ ಶಾಲೆಯ ಮಕ್ಕಳ ಅಂಗಿ ಹೊಲಿಯುವವಳು. ಅಮ್ಮ ಮಾಡಿದ್ದು ಏನೆಂದು ಅವಳಿಗೆ ಗೊತ್ತಿತ್ತು, ಹೇಳಲು ಬರುತ್ತಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಒಂದು ಕಾರು ನಿಂತಿತು. ಊರುಗೋಲು ಮೊದಲು ಇಳಿಯಿತು, ಹಿಂದೆಯೇ ಬಿಳಿ ನಾರಿನ ಅಂಗಿ ತೊಟ್ಟ ಡಾಕ್ಟರ್ ಎಲಾರ್ದೆ. ವೈರಸ್ ವಿಭಾಗಕ್ಕೆ ಇಪ್ಪತ್ತು ವರ್ಷ ಮುಖ್ಯಸ್ಥರಾಗಿದ್ದವರು. ಈಗ ಎಂಬತ್ತಮೂರು. ಮೆರ್ಲಿತಾ ಎದ್ದು ನಿಂತು, ಗೌರವಕ್ಕೆ ಅವರ ಕೈಯನ್ನು ಹಣೆಗೊತ್ತಿಕೊಂಡು ಒಳಗೆ ಕರೆದುಕೊಂಡು ಬಂದಳು. ಅವರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ತಂದುಕೊಟ್ಟ ಶುಂಠಿ ಗಂಜಿಯನ್ನು ಎರಡು ಚಮಚ ಕುಡಿದರು. ಆಮೇಲೆ ಅನಾಲಿನ್‌ಳನ್ನು ಹತ್ತಿರ ಕರೆದು, ಚರ್ಚಿನಲ್ಲಿ ಮಾತಾಡಲು ತನಗೆ ಅವಕಾಶ ಕೊಡಬೇಕೆಂದು ಕೇಳಿದರು.

ಅನಾಲಿನ್ ಗಂಜಿಯ ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ಹೋದಳು.

*

ಬಹಳ ವರ್ಷಗಳ ಹಿಂದಿನ ಮಾತು, ಅನಾಲಿನ್‌ಗೆ ಆಗ ಹದಿನೇಳು. ಹನ್ನೆರಡನೇ ವಯಸ್ಸಿನಿಂದಲೇ ಅಮ್ಮನ ಜಿಗಿಹುಳುಗಳ ಗೂಡಿಗೆ ಬಲೆ ಹೊಲಿದು ಕೊಡುತ್ತಿದ್ದಳು. ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ನೈಲಾನು, ಎರಡು ಹೊಲಿಗೆ, ಮೇಲೊಂದು ಪಟ್ಟಿ. ಸೂಜಿ ಹೋಗುವಷ್ಟು ಸಂದು ಕಂಡರೂ ಅಮ್ಮ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದಳು.

ಕೇಂದ್ರದ ಗಾಜಿನ ಮನೆಯಲ್ಲಿ ಆಗ ಎರಡು ಬಗೆಯ ವೈರಸ್ಸು ಇದ್ದವು. ಒಂದು ಹಳೆಯದು: ತಗುಲಿದ ಪೈರು ಎತ್ತರ ಬೆಳೆಯದೆ, ಬುಡದಿಂದ ಮರಿಕಾಂಡಗಳ ತೆಂಡೆಯ ಮೇಲೆ ತೆಂಡೆ ಒಡೆದು ಹುಲ್ಲಿನ ಗಂಟಿನಂತಾಗುತ್ತದೆ, ತೆನೆ ಬರುವುದಿಲ್ಲ. ಇನ್ನೊಂದು ದಕ್ಷಿಣದ ದ್ವೀಪದಿಂದ ತಂದದ್ದು: ಎಲೆ ತುದಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿ, ತಿಂಗಳೊಳಗೆ ಪೈರೇ ಸಾಯುತ್ತದೆ. ಆ ವರ್ಷ ಅಮ್ಮ ಬೆಟ್ಟದಾಚೆಯ ಒಬ್ಬ ರೈತನ ಗದ್ದೆಯಿಂದ ಜಿಗಿಹುಳು ಹಿಡಿದು ತಂದಳು. ರಬ್ಬರು ಕೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿಯ ಗಾಜಿನ ನಳಿಕೆ ಪೈರಿನ ಬುಡದಲ್ಲಿ. ಒಂದೊಂದನ್ನೇ ಉಸಿರಿನಿಂದ ಎಳೆದು ಹಿಡಿಯುವುದು. ತಂದ ಹುಳುಗಳನ್ನು ನಲವತ್ತೆರಡು ಸಸಿಗಳ ಮೇಲೆ ಬಿಟ್ಟಳು. ನಲವತ್ತೊಂದು ಹಳೆಯ ರೋಗವನ್ನೇ ತೋರಿಸಿದವು. ಕೊನೆಯದು ಮಾತ್ರ ಹುಲ್ಲಿನ ಗಂಟಾಗಿಯೂ ಬೆಳೆಯಿತು, ತುದಿಯಿಂದ ಕಿತ್ತಳೆಯೂ ಆಯಿತು. ಸಾಯಲಿಲ್ಲ.

ಡಾಕ್ಟರ್ ಎಲಾರ್ದೆ ಬಂದು ನೋಡಿದರು. ದಕ್ಷಿಣದ ಗೂಡಿನಿಂದ ಹುಳು ತಪ್ಪಿಸಿಕೊಂಡು ಇಲ್ಲಿ ಸೇರಿದೆ, ಗೂಡು ಸೋರಿದೆ ಎಂದರು. ಸೋರಿಲ್ಲ ಅಂದಳು ಅಮ್ಮ. ಹಾಗಾದರೆ ಇದು ಹೇಗಾಯಿತು ಹೇಳು ಎಂದರು. ಅದು ಅವಳಿಗೆ ಗೊತ್ತಿರಲಿಲ್ಲ. ನಲವತ್ತೆರಡನ್ನೂ ಸುಟ್ಟುಬಿಡು ಎಂದು ಹೇಳಿ ಅವರು ಹೋದರು.

ಸಂಜೆ ಅಮ್ಮ ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಅಲ್ಲಿ ಆಡಿದ ಮಾತನ್ನು ಆಮೇಲೆ ಮನೆಯಲ್ಲಿ ಒಂದೇ ಒಂದು ಸಲ ಹೇಳಿದ್ದಳು.

"ನಲವತ್ತೊಂದು ಸುಟ್ಟಿದ್ದೀನಿ ದೊಕ್. ಒಂದು ಇಟ್ಟುಕೊಂಡಿದ್ದೀನಿ. ಅದನ್ನೂ ಸುಡಬೇಕು ಅಂದ್ರೆ ನೀವೇ ಬಂದು ಸುಡಿ."

ಅವರು ಬರಲಿಲ್ಲ. ಆದರೆ ವರ್ಷದ ಕೊನೆಯಲ್ಲಿ ಅವಳ ಕೆಲಸದ ವರದಿಯಲ್ಲಿ ಒಂದು ಸಾಲು ಬರೆದರು: ಗೂಡುಗಳ ನಿರ್ವಹಣೆಯಲ್ಲಿ ಅಜಾಗರೂಕತೆ. ಸಿಗಬೇಕಿದ್ದ ಬಡ್ತಿ ಬೇರೆಯವಳಿಗೆ ಹೋಯಿತು. ಅನಾಲಿನ್ ಆ ಸಾಲನ್ನು ಊಟದ ಮೇಜಿನ ಮೇಲೆ ಓದಿದಳು. ಗೂಡು ಸೋರಿದ್ದು ನಿಜವಾದರೆ, ಆ ಬಲೆ ಹೊಲಿದವಳು ತಾನು.

"ನಾನಾಯ್, ನನ್ನ ಹೊಲಿಗೆ ಏನಾದ್ರೂ..." ಎಂದು ಅಮ್ಮನನ್ನು ಕರೆದು ಶುರುಮಾಡಿದಳು.

ಅಮ್ಮ ಮಾತು ಮುಗಿಸಗೊಡಲಿಲ್ಲ. "ನಿನ್ನ ಹೊಲಿಗೆ ನಾನು ನೋಡಿದೀನಿ. ಅವರು ತಮಗೆ ಕಂಡದ್ದು ಬರೆದ್ರು. ನನಗೆ ಕಂಡದ್ದು ಗೂಡಲ್ಲಿದೆ," ಅಂದಳು.

ಆ ವೈರಸ್ಸು ಬದುಕಿರಬೇಕಾದರೆ ಪೈರಿನಿಂದ ಹುಳುವಿಗೆ, ಹುಳುವಿನಿಂದ ಇನ್ನೊಂದು ಪೈರಿಗೆ ದಾಟುತ್ತಲೇ ಇರಬೇಕು. ಹದಿನೈದು ದಿನಕ್ಕೊಮ್ಮೆ ಅಮ್ಮ ಅದನ್ನು ದಾಟಿಸಿದಳು. ತನ್ನ ಕೆಲಸದ ಹೊತ್ತು ಮುಗಿದ ಮೇಲೆ, ಭಾನುವಾರ, ಕ್ರಿಸ್‌ಮಸ್ಸಿನ ದಿನ. ಎರಡು ವರ್ಷ ಎಂಟು ತಿಂಗಳು. ಅನಾಲಿನ್ ಬಲೆ ಹೊಲಿಯುತ್ತಲೇ ಇದ್ದಳು. ಈಗ ಎರಡಲ್ಲ, ಮೂರು ಹೊಲಿಗೆ ಹಾಕುತ್ತಿದ್ದಳು.

*

ಅಡಿಗೆಮನೆಯಿಂದ ಅವಳು ವಾಪಸು ಬಂದಾಗ ಡಾಕ್ಟರ್ ಎಲಾರ್ದೆ ಅದೇ ಕುರ್ಚಿಯಲ್ಲಿ, ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು.

"ಮಾತಾಡಿ ದೊಕ್," ಅಂದಳು ಅನಾಲಿನ್. "ಆದ್ರೆ ಆ ಸಾಲಿನ ವಿಷಯ ಬಿಡಬಾರದು. ಅಜಾಗರೂಕತೆ ಅಂತ ಬರೆದಿದ್ರಲ್ಲ, ಅದು."

"ನೀನು ಅದನ್ನ ಓದಿದ್ದೀಯಾ?"

"ಹದಿನೇಳು ವರ್ಷದವಳಿದ್ದಾಗ."

ಅವರು ತಲೆ ತಗ್ಗಿಸಿದರು. "ಅದನ್ನ ಹೇಳೋದಕ್ಕೇ ಬಂದದ್ದು ಮಗಳೇ. ಬೇರೇದೆಲ್ಲ ಮೆರ್ಲಿತಾನೂ ಹೇಳಬಹುದು," ಅಂದರು.

*

ಆ ಎರಡು ವರ್ಷ ಎಂಟು ತಿಂಗಳ ಕೊನೆಗೆ ಡಾಕ್ಟರ್ ಎಲಾರ್ದೆ, ಜಪಾನಿನಲ್ಲಿ ಆರು ತಿಂಗಳಿದ್ದು, ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವುದನ್ನು ಕಲಿತು ಹಿಂತಿರುಗಿದ ವಾರವೇ ಗಾಜಿನ ಮನೆಗೆ ಬಂದಿದ್ದರು. ಸುಡದೆ ಇಟ್ಟುಕೊಂಡಿದ್ದ ಗಿಡ ಏನಾಯಿತು ಎಂದು ಕೇಳಿದರು. "ಇದೆ ದೊಕ್. ಈಗ ಅದರ ಮರಿಮಕ್ಕಳ ಮರಿಮಕ್ಕಳು," ಅಂದಳು ಪ್ರೊಸಿಂಗ್.

ಹಾಗೆ ಓದು ಶುರುವಾಯಿತು. ಆ ವರ್ಷವೇ ಮೆರ್ಲಿತಾ ಕೆಲಸಕ್ಕೆ ಸೇರಿದ್ದಳು. ಬೆಳಕಿನ ಪೆಟ್ಟಿಗೆಯ ಮೇಲೆ ಎಕ್ಸ್-ರೇ ಹಾಳೆ. ಹಾಳೆಯಲ್ಲಿ ನಾಲ್ಕು ಸಾಲು, ವಂಶವಾಹಿಯ ನಾಲ್ಕು ಅಕ್ಷರಕ್ಕೆ ಒಂದೊಂದು, ಸಾಲಿನಲ್ಲಿ ಕಪ್ಪು ಗೀರುಗಳು. ಯಾವ ಗೀರು ಯಾವುದರ ಮೇಲಿದೆ ಎಂದು ಕೆಳಗಿನಿಂದ ಮೇಲಕ್ಕೆ ಕಣ್ಣಲ್ಲೇ ನೋಡಿ ಹೇಳಬೇಕು. ಇಡೀ ಕಟ್ಟಡದಲ್ಲಿ ಪ್ರೊಸಿಂಗ್‌ಳಷ್ಟು ಚುರುಕು ಕಣ್ಣು ಯಾರದ್ದೂ ಇರಲಿಲ್ಲ. ಅವಳು ಓದುವಳು, ಮೆರ್ಲಿತಾ ಬರೆಯುವಳು. ಮಾರನೆಯ ದಿನ ಮೆರ್ಲಿತಾ ಓದುವಳು, ಅವಳು ಬರೆಯುವಳು. ಎರಡೂ ಒಂದೇ ಬಂದರೆ ಸರಿ. ಊಟ ಕೊಡಲು ಹೋದ ಅನಾಲಿನ್‌ಗೆ ಪಡಸಾಲೆಯಿಂದಲೇ ಅಮ್ಮನ ದನಿ ಕೇಳುತ್ತಿತ್ತು: ಎ, ಸಿ, ಸಿ, ಟಿ, ಜಿ, ಎ... ಜಪಮಾಲೆ ಹೇಳುವ ಅದೇ ರಾಗ, ಅದೇ ಉಸಿರು.

ಏನು ಓದುತ್ತೀಯ ಎಂದು ಕೇಳಿದಾಗ ಅಮ್ಮ ಅವಳ ಹೊಲಿಗೆಯ ಮೇಜಿನ ಮುಂದೆ ಕೂತು ಬಿಡಿಸಿ ಹೇಳಿದಳು. ಈ ವೈರಸ್ಸಿನ ವಂಶವಾಹಿ ಒಂದೇ ಎಳೆಯಲ್ಲ, ಆರು ತುಂಡು. ಅಂಗಿಗೆ ಬೆನ್ನು, ಎದೆ, ತೋಳು, ಕಾಲರು ಎಂದು ಬೇರೆ ಬೇರೆ ಕತ್ತರಿಸಿಟ್ಟ ಹಾಗೆ. ಬಹುಪಾಲು ತಿರುಗುಮುರುಗು ಬರೆದದ್ದು, ಮೊಹರಿನಲ್ಲಿ ಕೆತ್ತಿದ ಅಕ್ಷರದಂತೆ. ಒತ್ತಿದ ಮೇಲೆಯೇ ಓದಲು ಬರುವುದು. ಒತ್ತುವ ಯಂತ್ರವನ್ನೂ ವೈರಸ್ಸು ತನ್ನ ಜೊತೆಯಲ್ಲೇ ಹೊತ್ತು ತರುತ್ತದೆ.

"ಎರಡು ಅಂಗಿಯ ತುಂಡು ಒಂದೇ ಬುಟ್ಟಿಗೆ ಬಿದ್ರೆ?" ಎಂದು ಕೇಳಿದಳು ಅನಾಲಿನ್.

ಅಮ್ಮ ಅವಳನ್ನೇ ನೋಡಿದಳು. "ಅದೇ," ಅಂದಳು. "ಅದೇ ನಾನು ಹುಡುಕ್ತಿರೋದು."

ಏಳನೆಯ ತಿಂಗಳಲ್ಲಿ ಆರು ತುಂಡಿನ ಓದೂ ಮುಗಿಯಿತು. ಅಕ್ಷರಗಳಿಂದ ಯಾವ ಯಾವ ಪ್ರೋಟೀನು ಹುಟ್ಟುತ್ತದೆ ಎಂದು ಲೆಕ್ಕ ಹಾಕಿ, ಹಳೆಯ ವೈರಸ್ಸಿನದು, ದಕ್ಷಿಣದ್ದು, ಆ ಒಂಟಿ ಪೈರಿನದು ಮೂರನ್ನೂ ಉದ್ದನೆಯ ಕಾಗದದಲ್ಲಿ ಅಚ್ಚುಮಾಡಿ, ಮೇಜಿನ ಮೇಲೆ ಒಂದರ ಕೆಳಗೊಂದು ಹಾಸಿದರು. ಡಾಕ್ಟರ್ ಎಲಾರ್ದೆ ಅಳತೆಪಟ್ಟಿ ಹಿಡಿದು ನಡೆಯುತ್ತಾ ಹೋದರು. ಒಂದನೆಯ ತುಂಡು ಹಳೆಯದಕ್ಕೆ ಸರಿಯಾಗಿ ಹೊಂದಿತು. ಎರಡನೆಯದೂ ಹಾಗೇ. ಮೂರನೆಯ ತುಂಡಿನ ಪ್ರೋಟೀನುಗಳಲ್ಲಿ ಹಳೆಯದಕ್ಕೂ ದಕ್ಷಿಣದ್ದಕ್ಕೂ ಹತ್ತೊಂಬತ್ತು ಕಡೆ ವ್ಯತ್ಯಾಸವಿತ್ತು. ಒಂಟಿ ಪೈರು ಆ ಹತ್ತೊಂಬತ್ತು ಕಡೆಯೂ ದಕ್ಷಿಣದ ಜೊತೆಗೆ ನಿಂತಿತು. ನಾಲ್ಕು ಮತ್ತೆ ಹಳೆಯದು. ಐದು, ವೈರಸ್ಸಿನ ಮೈಹೊದಿಕೆಯನ್ನು ಕಟ್ಟುವ ತುಂಡು, ಮತ್ತೆ ದಕ್ಷಿಣದ್ದು. ಆರು ಹಳೆಯದು.

ಗೂಡು ಸೋರಿ ಎರಡು ವೈರಸ್ಸು ಬೆರೆತಿದ್ದರೆ ಹನ್ನೆರಡು ತುಂಡೂ ಸಿಗಬೇಕಿತ್ತು. ಸಿಕ್ಕಿದ್ದು ಆರೇ. ಬೆಟ್ಟದಾಚೆಯ ಗದ್ದೆಯಲ್ಲಿ, ಯಾವುದೋ ಒಂದು ಹುಳುವಿನ ಹೊಟ್ಟೆಯಲ್ಲಿ ಎರಡೂ ಸೇರಿ, ತುಂಡು ಬದಲಾಯಿಸಿಕೊಂಡು, ಮೂರನೆಯದೊಂದು ಹುಟ್ಟಿಬಿಟ್ಟಿತ್ತು.

ಡಾಕ್ಟರ್ ಎಲಾರ್ದೆ ಮೂರು ಸಲ ಎಣಿಸಿದರು. ಪ್ರೊಸಿಂಗ್‌ಳಿಗೂ ಎಣಿಸಲು ಹೇಳಿದರು. ಅವಳು ಬೆರಳಿಟ್ಟು ಎಣಿಸಿ, ಹತ್ತೊಂಬತ್ತು ಅಂದಳು.

"ಗೂಡು ಸೋರಿರಲಿಲ್ಲ," ಅಂದರು ಅವರು.

"ಇಲ್ಲ ದೊಕ್."

ಅಷ್ಟೇ ಮಾತು. ಮೆರ್ಲಿತಾ ಅಲ್ಲೇ ನಿಂತಿದ್ದಳು. ಇನ್ನೂ ಏನಾದರೂ ಬರುತ್ತದೆ ಎಂದು ಕಾದಳು, ಬರಲಿಲ್ಲ. ಆ ಸಂಜೆ ಅಮ್ಮ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಅನಾಲಿನ್‌ಳ ಎರಡೂ ಕೈ ಹಿಡಿದು, ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿನ್ನ ಹೊಲಿಗೆ ಗಟ್ಟಿ ಮಗಳೇ," ಅಂದಳು.

*

ಚರ್ಚು ತುಂಬಿತ್ತು. ಮುಂದೆ ಮನೆಯವರು, ಹಿಂದೆ ಕೇಂದ್ರದ ಗಾಜಿನ ಮನೆಯ ಹೆಂಗಸರು, ಎಲ್ಲರೂ ಬಿಳಿ ಅಂಗಿಗೆ ಕಪ್ಪು ಪಟ್ಟಿ ಚುಚ್ಚಿಕೊಂಡು. ಬಾಗಿಲ ಹತ್ತಿರ ರೈತರು. ಪೂಜೆ ಮುಗಿದ ಮೇಲೆ ಡಾಕ್ಟರ್ ಎಲಾರ್ದೆಯವರಿಗೆ ಮೆಟ್ಟಿಲು ಹತ್ತಲು ಹೊತ್ತು ಹಿಡಿಯಿತು. ಸಭೆಗಳಲ್ಲಿ ಇಂಗ್ಲಿಷಿನಲ್ಲೇ ಮಾತಾಡುವವರು ಇವತ್ತು ಊರಿನ ಭಾಷೆಯಲ್ಲಿ ಶುರುಮಾಡಿದರು.

"ಈ ಹೆಂಗಸಿನ ಬಗ್ಗೆ ನಾನು ಒಂದು ಸುಳ್ಳು ಬರೆದೆ. ಬರೆದಾಗ ಸುಳ್ಳು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅಳಿಸಲಿಲ್ಲ. ಅವಳು ನಿವೃತ್ತಿಯಾಗಿ ಮನೆಗೆ ಹೋಗೋವರೆಗೂ ಅದು ಅವಳ ಕಡತದಲ್ಲೇ ಇತ್ತು."

ಅವರು ನಲವತ್ತೆರಡು ಸಸಿಗಳ ಕತೆ ಹೇಳಿದರು, ಸುಡಲು ಹೇಳಿದ್ದನ್ನು ಹೇಳಿದರು. ಅವಳು ಬಾಗಿಲಲ್ಲಿ ನಿಂತು "ನೀವೇ ಬಂದು ಸುಡಿ" ಎಂದದ್ದನ್ನು ಅವಳದ್ದೇ ಮಾತಿನಲ್ಲಿ ಹೇಳಿದರು. ತಾನು ಹೋಗದಿದ್ದುದಕ್ಕೆ ಕಾರಣ ದೊಡ್ಡತನವಲ್ಲ, ಆ ಕಣ್ಣಿನ ಮುಂದೆ ಹೋಗಿ ನಿಲ್ಲುವ ಧೈರ್ಯವಿರಲಿಲ್ಲ ಎಂದರು. ಆಮೇಲೆ ಕತೆ ಹೇಗೆ ಮುಗಿಯಿತು ಎಂದು ಹೇಳಿದರು: ಪ್ರಕಟವಾದ ಲೇಖನದಲ್ಲಿ ಅವಳ ಹೆಸರು ಎರಡನೆಯದು, ಅಂದಿನಿಂದ ಈ ಕೇಂದ್ರದಿಂದ ಹೊರಹೋದ ಪ್ರತಿಯೊಂದು ಭತ್ತದ ತಳಿಯ ಮೇಲೂ ಮೊದಲು ಹಳೆಯ ವೈರಸ್ಸು, ಆಮೇಲೆ ದಕ್ಷಿಣದ್ದು, ಆಮೇಲೆ ಅವಳದ್ದು, ಮೂರನ್ನೂ ಬಿಟ್ಟು ನೋಡುತ್ತಾರೆ. ಬಾಗಿಲಲ್ಲಿ ನಿಂತಿದ್ದ ರೈತರ ಕಡೆಗೆ ಊರುಗೋಲು ಎತ್ತಿ ತೋರಿಸಿ, "ನಿಮ್ಮ ಗದ್ದೇಲಿ ಈ ಸಲ ತೆನೆ ಬಂದಿದ್ರೆ, ಅದು ಈ ಮೂರು ಬಾಗಿಲನ್ನೂ ದಾಟಿ ಬಂದದ್ದು," ಅಂದರು.

ಕೊನೆಗೆ ಪೆಟ್ಟಿಗೆಯ ಕಡೆ ತಿರುಗಿದರು. "ಅಜಾಗರೂಕ ನಾನು, ಪ್ರೊಸಿಂಗ್. ನೀನಲ್ಲ."

ಅನಾಲಿನ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ಗೋರಿಯೊ ಮೂಗೊರೆಸಿಕೊಂಡು ಅವಳ ಕಿವಿಯ ಹತ್ತಿರ ಬಾಗಿದ.

"ಆ ವರ್ಷಗಳಲ್ಲಿ ಗುಡ್ ಫ್ರೈಡೇ ದಿನ ಗಾಡಿ ಓಡ್ತಿರಲಿಲ್ಲ. ನನ್ನ ಬಾಡಿಗೆ ಜೀಪ್ನಿ ತೆಗೆಸಿ ಕೇಂದ್ರಕ್ಕೆ ಕರಕೊಂಡು ಹೋಗು ಅಂದ್ಲು. ಹುಳಕ್ಕೆ ಊಟ ಹಾಕಬೇಕು ಅಂತ. ಇವತ್ತೊಂದು ದಿನ ಅವಕ್ಕೂ ಉಪವಾಸ ಮಾಡಿಸು ಅಂದೆ. ಬೈದ್ಲು." ಕರವಸ್ತ್ರವನ್ನು ಜೇಬಿಗೆ ತುರುಕುತ್ತಾ, "ಇದಕ್ಕೆ ಅಂತ ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿದ್ರೆ ಹಾರನ್ ಹೊಡ್ಕೊಂಡು ಹೋಗ್ತಿದ್ದೆ," ಅಂದ.

*

ಚರ್ಚಿನಿಂದ ಸ್ಮಶಾನಕ್ಕೆ ಎರಡು ಕಿಲೋಮೀಟರು, ದಾರಿ ಗದ್ದೆಗಳ ನಡುವೆ. ಮುಂದೆ ವಾದ್ಯದವರು, ಅವರ ಹಿಂದೆ ಶವದ ಕಾರು, ಅದರ ಹಿಂದೆ ಕೊಡೆ ಹಿಡಿದು ನಡೆಯುವ ಜನ. ಡಾಕ್ಟರ್ ಎಲಾರ್ದೆ ಕಾರು ಹತ್ತಲು ಒಪ್ಪದೆ ನಡೆದೇ ಬರುತ್ತಿದ್ದರು. ಅನಾಲಿನ್ ಒಂದು ಕೈಯನ್ನು ಕಾರಿನ ಹಿಂಬಾಗಿಲ ಮೇಲಿಟ್ಟು ನಡೆಯುತ್ತಿದ್ದಳು. ಮೆರ್ಲಿತಾ ಅವಳ ಪಕ್ಕದಲ್ಲಿದ್ದಳು. ಅರ್ಧ ದಾರಿ ಕಳೆದ ಮೇಲೆ ಮೆರ್ಲಿತಾಳ ಹೆಜ್ಜೆ ನಿಧಾನವಾಯಿತು. ಅವಳ ಕಣ್ಣು ರಸ್ತೆಯ ಬಲಗಡೆ ಗದ್ದೆಯ ಮೇಲೆ ನೆಟ್ಟಿತ್ತು. ಹಸಿರಿನ ನಡುವೆ, ಬದುವಿನಿಂದ ಹತ್ತು ಮಾರು ಒಳಗೆ, ಒಂದು ಹಾಸಿಗೆಯಷ್ಟು ಅಗಲ ಪೈರು ಕುಳ್ಳಗೆ, ಮಂಕಾಗಿ, ಹುಲ್ಲಿನ ಗಂಟುಗಂಟಾಗಿ ನಿಂತಿತ್ತು. ತುದಿಗಳಲ್ಲಿ ಬಣ್ಣ ತಿರುಗಿದಂತಿತ್ತು.

ಗದ್ದೆಯ ರೈತ ಟೋಪಿ ತೆಗೆದು ಬದುವಿನ ಮೇಲೆ ನಿಂತಿದ್ದ. ಅದು ಯಾವಾಗಿನಿಂದ ಹಾಗಿದೆ ಎಂದು ಮೆರ್ಲಿತಾ ನಡೆಯುತ್ತಲೇ ಕೇಳಿದಳು. ಎರಡು ವಾರವಾಯಿತು ಎಂದ.

"ನಾಳೆ ಬಂದು ನೋಡ್ತೀನಿ," ಅಂದಳು ಮೆರ್ಲಿತಾ. ಅಂದವಳು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು.

ಅನಾಲಿನ್ ಕಾರಿನ ಬಾಗಿಲನ್ನು ಎರಡು ಸಲ ತಟ್ಟಿದಳು. ಕಾರು ನಿಂತಿತು. ವಾದ್ಯದವರು ಇನ್ನೂ ಹತ್ತು ಹೆಜ್ಜೆ ನಡೆದು, ಹಿಂದೆ ಯಾರೂ ಬರುತ್ತಿಲ್ಲವೆಂದು ತಿಳಿದು ನಿಲ್ಲಿಸಿದರು.

"ಹೆಣದ ಗಾಡಿ ದಾರೀಲಿ ನಿಲ್ಲಿಸಬಾರದು ಕಣೇ," ಅಂದ ಗೋರಿಯೊ. "ಒಳ್ಳೇದಲ್ಲ."

"ನಾನಾಯ್ ಇದ್ದಿದ್ರೆ ದಾಟಿ ಹೋಗ್ತಿದ್ಲಾ ತಿಯೊ?" ಅನಾಲಿನ್ ಸೋದರಮಾವನನ್ನು ಕೇಳಿದಳು.

ಗೋರಿಯೊ ಕಾರಿನ ಮುಂದಕ್ಕೆ ಹೋಗಿ, ಎಂಜಿನ್ ಆರಿಸು ಎಂದು ಚಾಲಕನಿಗೆ ಹೇಳಿದ.

ಮೆರ್ಲಿತಾ ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಅವಳ ಹಿಂದೆ ಗಾಜಿನ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಕೊಡೆ ಮಡಿಸಿಟ್ಟು ಇಳಿದರು. ಅನಾಲಿನ್ ಕೂಡ ಇಳಿದಳು. ಬಿಳಿ ಅಂಗಿಯ ಹನ್ನೊಂದು ಬೆನ್ನುಗಳು ಒಂದೇ ಸಾಲಿನಲ್ಲಿ ಬಾಗಿದವು. ಕೈಗಳು ಪೈರಿನ ಬುಡವನ್ನು ಬಿಡಿಸಿ, ನೀರಿಗೆ ಹತ್ತಿರದ ಕಾಂಡವನ್ನು ತಿರುಗಿಸಿ ನೋಡತೊಡಗಿದವು. ಯಾರೋ ಒಬ್ಬಳು ಕೈಚೀಲದಿಂದ ರಬ್ಬರು ಕೊಳವೆ ತೆಗೆದು ಬಾಯಿಗಿಟ್ಟುಕೊಂಡಳು. ಹೆಣದ ಹಿಂದೆ ಬರುವಾಗಲೂ ಅದನ್ನು ತಂದಿದ್ದಳು. ರಸ್ತೆಯ ಮೇಲೆ ಬ್ಯಾಂಡಿನವನು ತನ್ನ ಹಿತ್ತಾಳೆಯ ದೊಡ್ಡ ತುತ್ತೂರಿಯನ್ನು ನೆಲಕ್ಕಿಳಿಸಿ ಬೆವರೊರೆಸಿಕೊಂಡ. ಜನವೆಲ್ಲ ಬದುವಿನುದ್ದಕ್ಕೂ ಬಂದು ನಿಂತರು.

ಅವರೆಲ್ಲರ ಮುಂದೆ, ಕೆಸರಿನ ಅಂಚಿನಲ್ಲಿ ಡಾಕ್ಟರ್ ಎಲಾರ್ದೆ ನಿಂತಿದ್ದರು. ಒಂದು ಕೈ ಊರುಗೋಲಿನ ಮೇಲಿತ್ತು. ಇನ್ನೊಂದು ಕೈಯಲ್ಲಿ, ಮಣ್ಣು ತಾಗದ ಹಾಗೆ ಎದೆಗೆ ಒತ್ತಿಕೊಂಡು, ಮೆರ್ಲಿತಾ ಬಿಚ್ಚಿಟ್ಟು ಹೋದ ಕಪ್ಪು ಬೂಟುಗಳನ್ನು ಹಿಡಿದಿದ್ದರು.